ಒಲೆಯ ತಗ್ಗಿನ ಗುಳವ್ಯಾ

ಒಂದು ಸುಗ್ಗಿ ಪೂರ್ತಿ ನಾನು ನಮ್ಮ ಸೀಮೆಯ ಹೆಸರಾಂತ ಗುಳವ್ಯಾ ಅನ್ನಿಸಿಕೊಂಡಿದ್ದೆ. ಬೆಲ್ಲದ ಗಾಣದಲ್ಲಿ ಪಾಕ ನೋಡಿ, ಕಡಾಯಿಯನ್ನು ಬೆಂಕಿಯಿಂದ ಇಳಿಸುವ ಹೊತ್ತು ಯಾವುದೆಂದು ಹೇಳುವವನಿಗೆ ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಗುಳವ್ಯಾ ಅನ್ನುತ್ತಾರೆ. ಗಾಣದಲ್ಲಿ ಮಾಲೀಕನಿಗಿಂತ ಒಂದು ತೂಕ ಹೆಚ್ಚಿನ ಮರ್ಯಾದೆ ಅವನದು. ಆ ಮರ್ಯಾದೆಯನ್ನು ನಾನು ಆರು ತಿಂಗಳು ಹೊಟ್ಟೆ ತುಂಬ ಉಂಡೆ. ಉದ್ದ ಹಿಡಿಕೆಯ ಹುಟ್ಟು ಹಿಡಿದು ಕಟ್ಟೆಯ ಮೇಲೆ ನಿಂತದ್ದೊಂದು ಬಿಟ್ಟರೆ ನಾನು ಮಾಡಿದ್ದು ಏನೂ ಇಲ್ಲ. ಮಾಡಿದವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಬೆಳಗಾವಿಯಿಂದ ಯಾರೋ ಕ್ಯಾಮೆರಾ ಹಿಡಿದು ಅವರ ಗಾಣಕ್ಕೆ ಬಂದಿದ್ದರು. ಇವರು ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಹೆಸರೂ ಬ್ಯಾಡ, ಫೋಟೋನೂ ಬ್ಯಾಡ. ಬೆಲ್ಲದ ಫೋಟೋ ಹೊಡಕೊಂಡ ಹೋಗ್ರಿ. ನನ್ನ ಮಾರಿ ನೋಡಿದ್ರ ಯಾರ ಬಾಯೀನೂ ಸಿಹಿ ಆಗಂಗಿಲ್ಲ" ಎಂದು ಅಟ್ಟಿದ್ದರು. ಅವರಿಗೆ ಬೇಡವಾದದ್ದನ್ನು ಸತ್ತ ಮೇಲೆ ನಾನು ಯಾಕೆ ಮಾಡಲಿ? ಬದುಕಿದ್ದಾಗ ಅವರಿಗೆ ಬೇಕಾಗಿದ್ದುದನ್ನೇ ನಾನು ಮಾಡಲಿಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಬೇಡಕಿಹಾಳದ ಹೊರಗೆ ನಮ್ಮ ಅಪ್ಪನ ಗಾಣವಿತ್ತು. ಗಾಣ ನೋಡದವರಿಗೆ ಒಂದು ಮಾತು ಹೇಳಬೇಕು. ಕಬ್ಬಿನ ಹಾಲು ಕುದಿಯುವ ದೊಡ್ಡ ಕಡಾಯಿ ಮೇಲೆ ಕಟ್ಟೆಯಲ್ಲಿರುತ್ತದೆ. ಗುಳವ್ಯಾ ಅಲ್ಲಿ ನಿಲ್ಲುತ್ತಾನೆ, ಬಂದ ವ್ಯಾಪಾರಿಗಳು ಅಲ್ಲಿ ನಿಂತು ನೋಡುತ್ತಾರೆ. ಕಟ್ಟೆಯ ಹಿಂದೆ, ಆಳೆತ್ತರ ಕೆಳಗೆ, ಒಲೆಯ ಬಾಯಿ. ಅದರ ಮುಂದೊಂದು ತಗ್ಗು. ಆ ತಗ್ಗಿನಲ್ಲಿ ಕೂತು ಹಿಂಡಿದ ಕಬ್ಬಿನ ಒಣ ಸಿಪ್ಪೆಯನ್ನು ದಿನವಿಡೀ ಒಲೆಗೆ ನೂಕುತ್ತಿರಬೇಕು. ಅಲ್ಲಿ ಕೂತವರಿಗೆ ಕಡಾಯಿಯೂ ಕಾಣುವುದಿಲ್ಲ, ಪಾಕವೂ ಕಾಣುವುದಿಲ್ಲ. ಮಸಿ ಹಿಡಿದ ಗೋಡೆ, ಬೆಂಕಿ, ಅಷ್ಟೇ. ಅವರು ಆ ತಗ್ಗಿನಲ್ಲಿ ಏಳು ಸುಗ್ಗಿ ಕೂತರು.

ಮೊದಲು ಗಂಡ ಹೆಂಡತಿ ಇಬ್ಬರೂ ನಮ್ಮಲ್ಲೇ ದುಡಿಯುತ್ತಿದ್ದರು. ಗಂಡ ಕಡಾಯಿ ಎತ್ತುವ ಸರಪಳಿಯ ಹತ್ತಿರ. ಆ ಸರಪಳಿ ಸವೆದಿತ್ತು. "ಸಣ್ಣ ಸಾವಕಾರ್ರ, ಒಂದ ಕೊಂಡಿ ಬಾಯಿ ಬಿಟ್ಟೈತಿ ನೋಡ್ರಿ" ಎಂದು ಅವನು ನನಗೆ ಎರಡು ಸಲ ಹೇಳಿದ್ದ. ಈ ಸುಗ್ಗಿ ಮುಗಿಯಲಿ ಅಂದೆ. ಸುಗ್ಗಿಗಿಂತ ಮೊದಲು ಕೊಂಡಿ ಮುಗಿಯಿತು. ಕುದಿಯುವ ಪಾಕ ಅವನ ಬಲಗೈ, ಬಲಗಾಲಿನ ಮೇಲೆ ಬಿತ್ತು. ಜೀವ ಉಳಿಯಿತು, ಕೈಕಾಲು ಕೆಲಸಕ್ಕೆ ಬಾರದೆ ಹೋದವು. ಆಸ್ಪತ್ರೆಯ ಖರ್ಚು ಅಪ್ಪ ಕೊಟ್ಟ. ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಆ ಮಾತು ತೀರಿತು. ಅವರು ಹನ್ನೆರಡನೆಯ ದಿನಕ್ಕೆ ತಿರುಗಿ ತಗ್ಗಿಗೆ ಇಳಿದರು. ಮನೆಯಲ್ಲಿ ಎರಡು ಸಣ್ಣ ಹೆಣ್ಣುಮಕ್ಕಳಿದ್ದವು.

ಅವರದೊಂದು ರೂಢಿ. ಬೆಂಕಿ ಹಚ್ಚುವ ಮುಂಚೆ ಸೆರಗಿನ ತುದಿ ಹೊಸೆದು ಎರಡೂ ಕಿವಿ ಒರೆಸಿಕೊಳ್ಳುತ್ತಿದ್ದರು. ಕನ್ನಡಕದವರು ಕನ್ನಡಕ ಒರೆಸುವುದಿಲ್ಲವೇ, ಹಾಗೆ. ನಾವು ನಗುತ್ತಿದ್ದೆವು. ಅದರ ಅರ್ಥ ಗೊತ್ತಾಗುವುದಕ್ಕೆ ನಮ್ಮ ಗುಳವ್ಯಾ ಓಡಿಹೋಗಬೇಕಾಯಿತು.

ಅವನು ಹೊರಗಿನ ಆಸಾಮಿ, ಮೂಗಿನ ತುದಿಯಲ್ಲೇ ಸಿಟ್ಟು. ಏಳನೆಯ ಸುಗ್ಗಿಯ ಮೊದಲಲ್ಲೇ ಒಂದು ಮುಂಜಾನೆ ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು, ಹುಟ್ಟು ಬಿಸಾಕಿ, ಮೋಟರ್‌ಸೈಕಲ್ ಹತ್ತಿ ಮತ್ತೊಂದು ಗಾಣಕ್ಕೆ ಹೊರಟೇಬಿಟ್ಟ. ಕಡಾಯಿಯಲ್ಲಿ ಪಾಕ ಅರ್ಧ ಕುದ್ದಿತ್ತು. ಅಂಗಳದಲ್ಲಿ ಕಡಿದ ಕಬ್ಬು ರಾಶಿ ಬಿದ್ದಿತ್ತು. ಹಿಂಡಿದ ಹಾಲು ಹುಳಿಯಾಗುವುದಕ್ಕೆ ಎಷ್ಟು ಹೊತ್ತು? ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆಗ ತಗ್ಗಿನಿಂದ ಅವರು ಮೇಲೆ ಬಂದರು.

"ಸಾವಕಾರ್ರ, ಹೊತ್ತ ನಾ ಹೇಳ್ತೀನ್ರಿ."

"ಏ, ನೀ ಏನ್ ಹೇಳ್ತಿ ಬೇ? ನೀ ಕಡಾಯಿ ಒಳಗ ಎಂದರ ಹಣಿಕಿ ಹಾಕಿ ನೋಡೀಯೇನು?"

"ನೋಡಿಲ್ರಿ. ಕೇಳೇನಿ."

ಹೆಣ್ಣು ಕಟ್ಟೆ ಹತ್ತಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ ಎನ್ನುವುದು ನಮ್ಮ ಗಾಣದ ಶಾಸ್ತ್ರ. ಯಾವ ಪುಸ್ತಕದಲ್ಲಿತ್ತೋ ಭಗವಂತನೇ ಬಲ್ಲ. ಆದರೆ ನೀರಿಗಿಳಿದ ಮೇಲೆ ಚಳಿಯೇನು, ಅಪ್ಪ ಕೈ ಬೀಸಿ ಹತ್ತು ಎಂದ. ಅವರು ಕಟ್ಟೆ ಹತ್ತಿದರು. ಕಡಾಯಿಯನ್ನು ಮೊದಲ ಸಲ ಕಣ್ಣಾರೆ ಕಂಡರು. ಹಬೆ ಮುಖಕ್ಕೆ ಬಡಿಯಿತು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಅವರು ಕಿವಿಗೊಟ್ಟರು, ತಲೆ ಕೊಡವಿದರು, ಮತ್ತೆ ಕಿವಿಗೊಟ್ಟರು. "ಇಳಸ್ರಿ" ಅನ್ನುವಷ್ಟರಲ್ಲಿ ಪಾಕ ಮೀರಿಹೋಗಿತ್ತು. ಬೆಲ್ಲ ಕರ್ರಗಾಗಿ ಕಹಿ ಹೊಡೆಯಿತು.

"ನಾ ಹೇಳಿರಲಿಲ್ಲೇನು?" ಎಂದು ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ನಾನು. ಹೇಳಿರಲೇ ಇಲ್ಲ ನಾನು.

ಅವರು ಸುಟ್ಟ ಪಾಕವನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. ಅಳಲಿಲ್ಲ, ತಲೆ ತಗ್ಗಿಸಲಿಲ್ಲ. "ಮ್ಯಾಲ ಬಂದ್ರ ನನಗ ಕಿವುಡ ಆಗ್ತೈತ್ರಿ. ಇಲ್ಲಿ ಸಪ್ಪಳ ಬ್ಯಾರೆ, ವಾಸನಿ ಬ್ಯಾರೆ. ನಾ ಕಲತದ್ದ ಕೆಳಗ. ಇನ್ನೊಂದ ಕಡಾಯಿ ಕೊಡ್ರಿ, ಕೆಳಗ ಕುಂತಽ ಹೇಳ್ತೀನಿ."

ಅಪ್ಪನಿಗೆ ಬೇರೆ ದಾರಿಯಿರಲಿಲ್ಲ. ಎರಡನೆಯ ಕಡಾಯಿ ಏರಿತು. ಎರಡೂವರೆ ತಾಸು ಕುದಿಯಿತು. ಅವರು ಒಲೆಯ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಕೈಗಳು ಮಾತ್ರ ಸಿಪ್ಪೆ ನೂಕುತ್ತಿದ್ದವು. ಇದ್ದಕ್ಕಿದ್ದಂತೆ ನೂಕುವುದು ನಿಂತಿತು. "ಇಳಸ್ರಿ!" ಎಂಬ ಕೂಗು ಬಂತು. ಎಂಥ ಕೂಗು ಅಂತೀರಿ, ಸರಪಳಿಯ ಹತ್ತಿರವಿದ್ದವರು ಬೆಚ್ಚಿ ಎಳೆದರು. ಸಂಜೆ ಅಚ್ಚಿನಿಂದ ಬಿದ್ದ ಬೆಲ್ಲದ ಪೆಂಟಿಯನ್ನು ಅಪ್ಪ ಒಡೆದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿಯೇ ನಿಂತ. ಮೂವತ್ತು ವರ್ಷದಲ್ಲಿ ನಮ್ಮ ಗಾಣದಲ್ಲಿ ಅಂಥ ಬೆಲ್ಲ ಆಗಿರಲಿಲ್ಲ.

ಆಮೇಲೆ ನಾನು ಅವರನ್ನು ಕೇಳಿದ್ದುಂಟು, ಏನು ಕೇಳಿಸುತ್ತದೆ ಎಂದು. "ಮೊದ್ಲ ಕೊತಕೊತ ಅಂತೈತಿ. ಆಮ್ಯಾಲ ಗುಳ್ಳಿ ದಪ್ಪ ಆಗ್ತಾವ. ಪಟ್ ಅಂತೈತಿ, ಸುಮ್ಮನಾಗ್ತೈತಿ. ಮತ್ತ ಪಟ್ ಅಂತೈತಿ. ಆ ಪಟ್ ಕೇಳೂದಲ್ರಿ, ನಡುವ ಸುಮ್ಮನಾಗೂದ ಕೇಳಬೇಕು" ಎಂದಿದ್ದರು.

ನಮ್ಮ ಬುದ್ಧಿ ನೋಡಿ. ಪೇಟೆಯಲ್ಲಿ ಗೊತ್ತಾದರೆ ಹೆಣ್ಣಿನ ಕೈಬೆಲ್ಲ ಎಂದು ದರ ಮುರಿಯುತ್ತಾರೆಂದು ಅಪ್ಪನಿಗೆ ಹೆದರಿಕೆ. ಕೈಗೆ ಹುಟ್ಟು ಕೊಟ್ಟು ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿದ. ಕೂಗು ಕೆಳಗಿನಿಂದ, ಹೆಸರು ಮೇಲಿನವನದು. ತಿಂಗಳೊಳಗೆ ನಮ್ಮ ಬೆಲ್ಲಕ್ಕೆ ಕೊಲ್ಲಾಪುರದ ಪೇಟೆಯಲ್ಲಿ ಕೂಗಿ ಕರೆದು ದರ ಕೊಡುವಂತಾಯಿತು. ಮದುವೆ ಮುಂಜಿಗೆ ಹೋದರೆ, "ಬರ್ರಿ ಗುಳವ್ಯಾ ಸಾಹೇಬ್ರ" ಎಂದು ಕುರ್ಚಿ ಹಾಕುತ್ತಿದ್ದರು. ನಾನೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ. ನಾಚಿಕೆ ಆಗುತ್ತಿರಲಿಲ್ಲವೇ ಅಂದರೆ, ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಸುಗ್ಗಿಯ ನಡುವೆ ಅವರು ಅಪ್ಪನ ಮುಂದೆ ಬಂದು ನಿಂತರು. ಅವರು ಕೇಳುವ ಮುಂಚೆಯೇ ಅಪ್ಪ, ಕೂಲಿ ಸ್ವಲ್ಪ ಏರಿಸುತ್ತೇನೆ, ಹೊರಗೆ ಮಾತ್ರ ಬಾಯಿ ಬಿಡಬೇಡ ಎಂದ.

"ಕೂಲಿ ಇರ್ಲಿ ಬಿಡ್ರಿ," ಎಂದರು ಅವರು. "ಗುಳವ್ಯಾ ಯಾರಂತ ಯಾರರ ಕೇಳಿದ್ರ ನನ್ನ ಹೆಸರ ಹೇಳ್ರಿ. ಅಷ್ಟ ಸಾಕು. ನಾಳೆ ನಿಮ್ಮ ಗಾಣ ಇರ್ತೈತೋ ಇಲ್ಲೋ. ಆ ಹೆಸರಿದ್ರ ನಾ ಎಲ್ಲಿ ಹೋದ್ರೂ ಉಣ್ತೀನಿ. ಬೆಂಕಿ ಹಾಕಾಕಿ ಅಂತಂದ್ರ ತಗ್ಗಿನಾಗಽ ಸಾಯ್ತೀನಿ."

"ಆತು, ಕೇಳಿದ ದಿನ ನೋಡೂಣು" ಎಂದ ಅಪ್ಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸುಗ್ಗಿ ಮುಗಿಯುವ ಹೊತ್ತಿಗೆ ಕೇಳಿದ ದಿನ ಬಂತು. ಕೊಲ್ಲಾಪುರದ ದೊಡ್ಡ ವ್ಯಾಪಾರಿಯೊಬ್ಬರು ಮುಂದಿನ ಇಡೀ ಸುಗ್ಗಿಯ ಮಾಲು ತಾವೇ ಎತ್ತುವುದಾಗಿ ಹೇಳಿ ಕಳಿಸಿದ್ದರು. ಒಂದೇ ಷರತ್ತು, ಬೆಲ್ಲ ಆಗುವುದನ್ನು ನಿಂತು ನೋಡಬೇಕು. ಮಧ್ಯಾಹ್ನ ಕಾರು ಬಂತು. ಅಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡಿದ್ದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಮೇಲೆ ನಿಂತಿದ್ದೆ. ಅವರು ಕೆಳಗೆ ತಗ್ಗಿನಲ್ಲಿದ್ದರು.

ವ್ಯಾಪಾರಿ ಕಡಾಯಿಯ ಪಕ್ಕಕ್ಕೇ ಬಂದು ನಿಂತು, ಮರಾಠಿ ಬೆರೆಸಿ ಕೇಳಿದರು: "ಕಾಯ್ ಗುಳವ್ಯಾ, ಈ ವಿದ್ಯಾ ಎಷ್ಟ ವರ್ಷದ್ದು?"

"ಹತ್ತ ವರ್ಷ ಆತ್ರಿ" ಎಂದೆ.

ಕೆಳಗೆ ಸಿಪ್ಪೆ ನೂಕುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಪಾಕ ಏರುತ್ತಿತ್ತು, ಕೆಂಪಾಗುತ್ತಿತ್ತು. ನಾನು ಹುಟ್ಟು ಆಡಿಸುತ್ತ ಕೂಗಿಗಾಗಿ ಕಾದೆ. ನೊರೆ ಕುಗ್ಗಿತು. ದಪ್ಪ ಗುಳ್ಳೆಗಳು ಎದ್ದವು. ಕೂಗು ಬರಲಿಲ್ಲ. ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ತಿಕ್ಕಿದೆ. ಉಂಡೆಯಾದಂತೆಯೂ ಇತ್ತು, ಆಗದಂತೆಯೂ ಇತ್ತು. ಅಂಗಿ ಬೆನ್ನಿಗೆ ಅಂಟಿತು. ಕಡೆಗೆ ತಡೆಯಲಾರದೆ ಕಟ್ಟೆಯಿಂದ ಬಗ್ಗಿ, "ಅಕ್ಕಾ" ಎಂದೆ. ಏಳು ಸುಗ್ಗಿಯಲ್ಲಿ ಒಮ್ಮೆಯೂ ಅವರನ್ನು ಅಕ್ಕ ಅಂದವನಲ್ಲ.

"ಯಾಕ್ರಿ ಸಣ್ಣ ಸಾವಕಾರ್ರ?"

"ಹೊತ್ತ ಆತೇನು?"

"ನನಗೇನ ಗೊತ್ತ್ರಿ? ಬೆಂಕಿ ಹಾಕೂ ಕೂಲಿ ಕೊಡ್ತೀರಿ, ಬೆಂಕಿ ಹಾಕೇನಿ. ಹೊತ್ತ ಗುಳವ್ಯಾಗ ಕೇಳ್ರಿ."

ವ್ಯಾಪಾರಿ ನನ್ನ ಮುಖ ನೋಡಿದರು. ತಗ್ಗಿನ ಕಡೆ ನೋಡಿದರು. "ಹೌದ್ರಿ, ಗುಳವ್ಯಾ ಕೋಣ್? ಯಾರದಾರ?"

ಒಂದು ಮಾತು ಸಾಕಿತ್ತು. ಕೆಳಗದಾರ್ರಿ, ಅಷ್ಟೇ. ನಾಲಿಗೆಯ ತುದಿಗೆ ಬಂದಿತ್ತು, ಆಣೆಯಾಗಿಯೂ ಬಂದಿತ್ತು. ಅಪ್ಪನ ಕಡೆ ನೋಡಿದೆ. ಅಪ್ಪ ಕಣ್ಣಲ್ಲೇ ಬೇಡ ಅಂದ. ವ್ಯಾಪಾರಿಯ ಕಡೆ ತಿರುಗಿ, "ನಾನಽ ರಿ" ಎಂದೆ.

ಆಗ ಕೆಳಗಿನಿಂದ ಅವರು ಕೂಗಿದರು. ನನಗಾಗಿ ಅಲ್ಲ, ಕಡಾಯಿಗಾಗಿ. ಒಳ್ಳೆಯ ಪಾಕ ಕೆಡುವುದನ್ನು ಅವರಿಗೆ ಕೇಳಿಕೊಂಡು ಕೂರಲಾಗಲಿಲ್ಲ. "ಇಳಸ್ರಿ! ಸುಡತೈತಿ, ಇಳಸ್ರಿ!"

ಸರಪಳಿಯವರು ನನ್ನನ್ನು ನೋಡಿದರು. ಗುಳವ್ಯಾ ನಾನು ಎಂದು ಈಗಷ್ಟೇ ಹೇಳಿದ್ದೇನೆ, ತಗ್ಗಿನ ಮಾತಿಗೆ ಕುಣಿದರೆ ಮರ್ಯಾದೆ ಏನಾಗಬೇಕು? "ಏ, ಸುಮ್ನಿರು. ನನಗ ಗೊತ್ತೈತಿ" ಎಂದು ಗದರಿದೆ. ಹಾಗೆಯೇ ಇನ್ನೂ ನಾಲ್ಕು ಸುತ್ತು ಹುಟ್ಟು ಆಡಿಸಿದೆ. ಆ ನಾಲ್ಕು ಸುತ್ತಿನಲ್ಲಿ ಕಡಾಯಿಯಿಂದ ಸುಟ್ಟ ವಾಸನೆ ಎದ್ದಿತು.

ವ್ಯಾಪಾರಿ ಕಾರಿನ ಕಡೆ ನಡೆದರು. ಅಪ್ಪ ಹಿಂದೆ ಹಿಂದೆ ಓಡಿದ. ಅವರು ತಗ್ಗಿನಿಂದ ಮೇಲೆ ಬಂದು, ಬೋರಿನ ನೀರಲ್ಲಿ ಕೈ, ಮುಖ ತೊಳೆದುಕೊಂಡರು. ಕಾರು ಹೋದ ಮೇಲೆ ಅಪ್ಪನಿಗೆ ಇಷ್ಟೇ ಹೇಳಿದರು: "ನಾ ಹೇಳಿದ ಹೊತ್ತಿಗೆ ಇಳಸಲಿಲ್ಲ. ಆ ಬೆಲ್ಲ ನಂದಲ್ಲ. ನಾಳಿಂದ ನಾ ಬರೂದಿಲ್ರಿ." ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ. ಅಂದು ಅಪ್ಪ ಕಟ್ಟೆಯ ಮೇಲೆ ಕೂತಿದ್ದಂತೆಯೇ ಹೊತ್ತು ಮುಳುಗಿತು. ಉಪವಾಸ ಮಲಗಿದ.

ಅವರ ಮುಂದಿನ ಕಥೆಯಲ್ಲಿ ನಾನಿಲ್ಲ, ಆದ್ದರಿಂದ ಅದು ಚೆನ್ನಾಗಿದೆ. ಯಾವ ಗಾಣದವರೂ ಅವರನ್ನು ಗುಳವ್ಯಾ ಎಂದು ಇಟ್ಟುಕೊಳ್ಳಲಿಲ್ಲ. ಇಡೀ ಸೀಮೆಗೆ ಅವರು ನಮ್ಮ ಗಾಣದಲ್ಲಿ ಬೆಂಕಿ ಹಾಕುತ್ತಿದ್ದವರು, ಅಷ್ಟೇ. ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಸಾಲ ತೆಗೆದು, ಎರಡು ಮೈಲಿ ಆಚೆ ಮುಚ್ಚಿಬಿದ್ದಿದ್ದ ಒಂದು ಗಾಣವನ್ನು ಬಾಡಿಗೆಗೆ ಹಿಡಿದರು. ಗಂಡ ಒಂದು ಕೈಯಲ್ಲಿ ಅಚ್ಚು ಒರೆಸಿ ಕೊಡುತ್ತಿದ್ದ. ಹಿರಿಮಗಳು ಶಾಲೆ ಬಿಟ್ಟ ಮೇಲೆ ಕಟ್ಟೆ ಹತ್ತಿ ನಿಲ್ಲುತ್ತಿದ್ದಳು, ತಾಯಿ ಕೆಳಗಿನಿಂದ ಕೂಗುತ್ತಿದ್ದರು. ಹೆಣ್ಣು ಕಟ್ಟೆ ಹತ್ತಿದ ಬೆಲ್ಲವೆಂದು ಜನ ಮೊದಲ ವರ್ಷ ಮೂಗು ಮುರಿದರು. ಸಾಲದ್ದಕ್ಕೆ ಬಣ್ಣವೂ ಕಂದು. ಉಳಿದವರೆಲ್ಲ ಬೆಲ್ಲ ಹಳದಿಯಾಗಲೆಂದು ಬಿಳಿ ಪುಡಿ ಹಾಕುತ್ತಿದ್ದರು, ಇವರು ಹಾಕಲೊಲ್ಲರು. "ಆ ಪುಡಿ ಬಿದ್ರ ನನಗ ಪಾಕದ ವಾಸನಿ ಹತ್ತೂದಿಲ್ಲ" ಎನ್ನುವುದು ಅವರ ಕಾರಣ. ಮುಂದೆ ಊರೂರಿನವರು ಕಂದು ಬೆಲ್ಲವನ್ನೇ ಹುಡುಕಿಕೊಂಡು ಬಂದಾಗ, ಒಬ್ಬ ಅಧಿಕಾರಿ, ನೀವು ಸಾವಯವ ಕ್ರಾಂತಿ ಮಾಡಿದಿರಿ ಎಂದು ಶಾಲು ಹೊದಿಸಿದರು. ಇವರು, "ಕ್ರಾಂತಿ ಅಲ್ರಿ ಸಾಹೇಬ್ರ, ನನ್ನ ಮೂಗಿನ ಸಲುವಾಗಿ" ಎಂದರಂತೆ.

ಎಲ್ಲ ಮುಗಿಯಿತು ಅನ್ನುವ ಒಂದು ವರ್ಷವೂ ಬಂತು. ದೂಧಗಂಗಾ ಹೊಳೆ ಹೊಲಕ್ಕೆ ನುಗ್ಗಿ ಎಂಟು ದಿನ ನಿಂತಿತು. ಕೊಳೆತ ನೀರಲ್ಲಿ ನಿಂತ ಕಬ್ಬು ಕಡಿಯಲು ಯಾರೂ ಬರಲಿಲ್ಲ. ರೈತರು ಅದನ್ನೇ ತಾವೇ ಕಡಿದು, ಬಂಡಿ ಕಟ್ಟಿ ಇವರ ಅಂಗಳಕ್ಕೆ ತಂದರು. ಅಂಥ ಕಬ್ಬಿನ ಬೆಲ್ಲ ಗಟ್ಟಿಯಾಗುವುದಿಲ್ಲ, ಎಂಥ ಗುಳವ್ಯಾ ಬಂದರೂ ಅಂಟಂಟಾಗಿ ನಿಲ್ಲುತ್ತದೆ. ಮೂರು ಕಡಾಯಿ ಹಾಳಾದವು. ಸಂಘದ ಕಂತು ತಲೆಯ ಮೇಲಿತ್ತು. ನಾಲ್ಕನೆಯದರಲ್ಲಿ ಅವರು ಗಟ್ಟಿಯಾಗುವವರೆಗೆ ಕಾಯಲೇ ಇಲ್ಲ. ಎಷ್ಟೋ ಮೊದಲೇ ಇಳಿಸಿ, ಜೇನಿನಂತಿದ್ದ ಪಾಕವನ್ನು ಸೋಸಿ ಬಾಟಲಿಗೆ ತುಂಬಿದರು. ಚಪಾತಿಗೆ ಹಚ್ಚಿಕೊಳ್ಳುವ ಕಾಕವಿ ಅದು, ನಮ್ಮ ಮನೆಗಳಲ್ಲಿ ತಂಬಿಗೆಯಲ್ಲಿ ತಂದು ತಿನ್ನುತ್ತಿದ್ದುದು. ಅದಕ್ಕೆ ಮುಚ್ಚಳ ಹಾಕಿ ಪುಣೆಗೆ ಕಳಿಸಬಹುದು ಎಂದು ನಮ್ಮಂಥ ಸಾವಕಾರರ ತಲೆಗೆ ಹೊಳೆದಿರಲಿಲ್ಲ. ಬೆಲ್ಲಕ್ಕಿಂತ ಹೆಚ್ಚು ಹಣ ಕಾಕವಿಯಲ್ಲಿ ಬಂತು. ಬಾಡಿಗೆಯ ಗಾಣ ಅವರ ಸ್ವಂತದ್ದಾಯಿತು, ಪಕ್ಕದ ನಾಲ್ಕು ಎಕರೆಯೂ ಬಂತು, ಇಪ್ಪತ್ತು ಹೆಣ್ಣುಮಕ್ಕಳಿಗೆ ಕೆಲಸವಾಯಿತು. ನಮ್ಮ ಗಾಣ ಅಷ್ಟರಲ್ಲಿ ಮುಚ್ಚಿತ್ತು. ಅಪ್ಪನೂ ಹೋಗಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ನಾನು ಮಳೆಯನ್ನು, ಸರಕಾರವನ್ನು ಬೈಯುತ್ತ ತಿರುಗುತ್ತಿದ್ದೆ.

ಒಂದು ದಿನ ಧೈರ್ಯ ಮಾಡಿ ಅವರ ಗಾಣಕ್ಕೆ ಹೋದೆ. ತಪ್ಪಾಯಿತು ಎಂದು ಹೇಳಲು ಹೋದವನು, ಮುಖ ಕಂಡ ಕೂಡಲೆ, "ನಮ್ಮ ಕಬ್ಬು ತಗೊಂತೀರೇನ್ರಿ?" ಎಂದುಬಿಟ್ಟೆ.

"ತಗೊಂತೀನಿ. ಬರ್ರಿ, ಕೆಳಗ ಬರ್ರಿ. ಮಾತಾಡೂಣು" ಎಂದು ಅವರು ತಗ್ಗಿಗೆ ಇಳಿದರು.

ನಮ್ಮ ಸ್ವಂತ ಗಾಣದ ತಗ್ಗಿಗೆ ನಾನು ಒಮ್ಮೆಯೂ ಇಳಿದಿರಲಿಲ್ಲ. ಇಳಿದು ಅವರ ಪಕ್ಕ ಕೂತೆ. ಹುಬ್ಬು ಸುಡುವ ಝಳ. ಉಸಿರೆಳೆದರೆ ಗಂಟಲು ಒಣಗಿ ಬರುತ್ತಿತ್ತು. ಅವರು ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ.

"ಏನ ಕೇಳಸ್ತು?"

"ಬೆಂಕಿ."

"ನನಗೂ ಮೊದಲ ಎರಡ ಸುಗ್ಗಿ ಅಷ್ಟಽ ಕೇಳಸ್ತಿತ್ತು" ಎಂದರು. ಬೈಯಲಿಲ್ಲ, ಹಂಗಿಸಲಿಲ್ಲ. ನಾನು ಐದು ನಿಮಿಷವೂ ಕೂರಲಾರದೆ ಮೇಲೆ ಬಂದೆ. ಕಬ್ಬಿನ ದರ ಊರಿನವರೆಲ್ಲರಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟರು, ಒಂದು ಪೈ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದಾದ ಮೇಲೆ ವರ್ಷಕ್ಕೊಮ್ಮೆ ಕಬ್ಬಿನ ನೆಪದಲ್ಲಿ ಹೋಗುತ್ತಿದ್ದೆ. ಹೇಳಬೇಕಾದ ಮಾತು ಬಿಟ್ಟು, ಪ್ರತಿ ಸಲ ಮಳೆ, ದರ ಅಂತ ಮಾತಾಡಿ ತಿರುಗಿ ಬರುತ್ತಿದ್ದೆ.

ಹೋದ ತಿಂಗಳು ಎದೆನೋವು ಬಂದು, ಚಿಕ್ಕೋಡಿಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಮೂರನೆಯ ದಿನದ ಕಾರ್ಯಕ್ಕೆ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಲ್ಲಾಪುರದ ವ್ಯಾಪಾರಿಗಳು, ಬ್ಯಾಂಕಿನವರು, ಸಂಘದ ಹೆಣ್ಣುಮಕ್ಕಳು. ನನ್ನ ಪಕ್ಕ ಕೂತಿದ್ದ ಬ್ಯಾಂಕಿನ ಹೊಸ ಮ್ಯಾನೇಜರು ಸಹಜವಾಗಿ ಕೇಳಿದರು: "ಇವರು ಮೊದಲು ನಿಮ್ಮ ಗಾಣದಲ್ಲಿ ಬೆಂಕಿ ಹಾಕುವ ಕೆಲಸಕ್ಕಿದ್ದರಂತೆ, ಹೌದೇ?"

ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ಮಂದಿಯೆಲ್ಲ ತಿರುಗಿ ನೋಡಿದರು. "ಇಲ್ರಿ," ಎಂದೆ, ಸಾಕಷ್ಟು ಜೋರಾಗಿಯೇ. "ನಮ್ಮ ಗಾಣದ ಗುಳವ್ಯಾ ಅವರಽ ಇದ್ರು. ನಾ ಸುಳ್ಳಽ ನಿಂತಿದ್ದೆ." ಕಣ್ಣಲ್ಲಿ ನೀರು ಬಂತು. ಹದಿನಾರು ವರ್ಷದ ಭಾರ ಇಳಿಯಿತು ಅನ್ನಿಸಿತು. ಮೆಚ್ಚಿಗೆಗಾಗಿ ಅಂದರೂ ಸರಿಯೇ, ಹಿರಿಮಗಳ ಮುಖ ನೋಡಿದೆ.

ಆಕೆ ಚಹಾದ ತಾಟು ಹಿಡಿದು ನನ್ನ ಮುಂದೆಯೇ ನಿಂತಿದ್ದಳು. ಒಂದು ಕಪ್ಪು ನನ್ನ ಕೈಗೆ ಕೊಟ್ಟು, ಮೆಲ್ಲಗೆ, ನನಗೊಬ್ಬನಿಗೇ ಕೇಳಿಸುವಂತೆ ಹೇಳಿದಳು:

"ಅದು ನಮಗ ಮೊದಲಿಂದನೂ ಗೊತ್ತೈತ್ರಿ ಕಾಕಾ. ಅವ್ವಗ ಅದ ಬೇಕಾಗಿದ್ದು ಅವತ್ತ."

ಅಷ್ಟು ಹೇಳಿ ತಾಟನ್ನು ಪಕ್ಕದವರಿಗೆ ಹಿಡಿದಳು.